ಬಾಜೂ ಮನೆಯ ಅಕ್ಕನ ಸಂಜೆ ಪೂಜೆ

ನಿನ್ನೆ ಮಧ್ಯಾಹ್ನ ಸೊಸೆ ನುಗ್ಗೆ ಸೊಪ್ಪಿಗೆ ಬೆಳ್ಳುಳ್ಳಿ ಒಗ್ಗರಣೆ ಹಾಕಿದಳು. ಆ ವಾಸನೆ ನಡುಮನೆಗೆ ಬಂದದ್ದೇ ತಡ, ನನಗೆ ಊಟದ ಮೇಲಿನ ಮನಸ್ಸೇ ಹೋಯಿತು. ಸೊಪ್ಪಿನದೇನೂ ತಪ್ಪಿಲ್ಲ. ಕಣ್ಣಿಗೆ ಒಳ್ಳೆಯದು, ರಕ್ತಕ್ಕೆ ಒಳ್ಳೆಯದು ಎಂದು ಎಲ್ಲರೂ ಹೇಳುತ್ತಾರೆ, ಅದು ಸುಳ್ಳೂ ಅಲ್ಲ. ಆದರೆ ಒಂದು ಮನೆಯಲ್ಲಿ ವರ್ಷಗಟ್ಟಲೆ ದಿನಾ ಈ ಸೊಪ್ಪು ಬೇಯುವುದನ್ನು ಗೋಡೆಯ ಈಚೆ ಕೂತು ಮೂಸಿದವಳು ನಾನು. ಅದನ್ನು ಉಂಡವಳಿಗೆ ಅದರಿಂದ ಏನೂ ಆಗಲಿಲ್ಲ ಎನ್ನುವುದೂ ನನಗೆ ಗೊತ್ತು. ಸೊಸೆ ಬಡಿಸಲು ಬಂದಾಗ ಬೇಡವೆಂದು ಕೈ ಅಡ್ಡ ಹಿಡಿದೆ. ಮೊಸರಲ್ಲೇ ಕಲಸಿಕೊಂಡು ಉಂಡು ಎದ್ದೆ.

ಎಂಬತ್ತರ ದಶಕದ ಮೊದಲಿನ ವರ್ಷಗಳು. ನನ್ನ ಗಂಡ ಅಣ್ಣಿಗೇರಿಯಲ್ಲಿ ರೈತರ ಹತ್ತಿ, ಕಾಳು ಮಾರಿಸಿಕೊಡುವ ಒಂದು ಅಡತಿ ಅಂಗಡಿಯಲ್ಲಿ ಕೆಲಸಕ್ಕಿದ್ದರು. ನಾನು ಬಮ್ಮಿಗಟ್ಟಿಯವಳು, ಭತ್ತದ ಗದ್ದೆ, ಕೆಂಪು ಮಣ್ಣು, ಸಿಹಿನೀರು ನೋಡಿ ಬೆಳೆದವಳು. ಅಣ್ಣಿಗೇರಿಗೆ ಬಂದು ಇಳಿದಾಗ ಆ ಕರಿಮಣ್ಣು, ಉಪ್ಪು ನೀರು, ಕಣ್ಣು ಹಾಯಿಸಿದಷ್ಟೂ ಒಂದು ಗಿಡ ಕಾಣದ ಬಯಲು ನೋಡಿ, ನಮ್ಮಪ್ಪನಿಗೆ ನನ್ನ ಮೇಲೆ ಏನು ಸಿಟ್ಟಿತ್ತೋ ಎಂದುಕೊಂಡಿದ್ದೆ. ಒಗ್ಗಿಕೊಳ್ಳಲು ಬಹಳ ದಿನ ಹಿಡಿಯಿತು. ಒಗ್ಗಿಸಿದವಳು ಬಾಜೂ ಮನೆಯ ಅಕ್ಕ.

ನಮ್ಮ ಬಾಡಿಗೆ ಮನೆಗೂ ಅವರ ಮನೆಗೂ ಒಂದೇ ಗೋಡೆ. ಹೊಲಮನೆ ಇದ್ದ ದೊಡ್ಡ ಮನೆತನ ಅವರದು, ಲಿಂಗಪೂಜೆ, ವಿಭೂತಿ, ಮಡಿ ಎಲ್ಲ ಕಟ್ಟುನಿಟ್ಟು. ಮನೆ ಆಳುತ್ತಿದ್ದವಳು ಒಬ್ಬ ಮುದುಕಿ. ಓಣಿಯವರೆಲ್ಲ ಅವಳನ್ನು ಆಯಿ ಎನ್ನುತ್ತಿದ್ದರು. ಆಯಿಗೆ ಒಬ್ಬಳು ಮಗಳು, ಇಬ್ಬರು ಗಂಡುಮಕ್ಕಳು. ಮಗಳನ್ನು ನವಲಗುಂದದ ಕಡೆ ತನ್ನ ತವರಿನ ಸಂಬಂಧದಲ್ಲೇ ಕೊಟ್ಟಿದ್ದಳು. ಆ ಮಗಳಿಗೆ ಹುಟ್ಟಿದ ಹಿರಿಯ ಹುಡುಗಿಯನ್ನು ತನ್ನ ಹಿರಿಯ ಮಗನಿಗೆ ತಂದುಕೊಂಡಿದ್ದಳು. ಅಂದರೆ ಆ ಹುಡುಗಿಗೆ ಗಂಡನೇ ಸೋದರಮಾವ, ಅತ್ತೆಯೇ ಅಜ್ಜಿ. ನಮ್ಮ ಕಡೆ ಇದೇನು ಹೊಸದಲ್ಲ, ಅಕ್ಕನ ಮಗಳಿದ್ದಾಗ ಹೊರಗಿನ ಹೆಣ್ಣು ಯಾಕೆ ಎನ್ನುವವರೇ ಎಲ್ಲ. ಆ ಸೊಸೆಯೇ ನಾನು ಅಕ್ಕ ಎಂದು ಕರೆಯುತ್ತಿದ್ದವಳು.

ಅಕ್ಕನಿಗೆ ಓಣಿಯಲ್ಲಿ ಎರಡು ಹೆಸರಿದ್ದವು. ಒಂದು, ಸೊಕ್ಕಿನವಳು. ಎದುರಿಗೆ ನಿಂತು ಮಾತಾಡಿಸಿದರೆ ಬಾಯಿ ತುಂಬ ಮಾತಾಡುತ್ತಿದ್ದಳು. ಆದರೆ ಪಕ್ಕದಿಂದ ಬಂದು ನಕ್ಕರೆ, ಕೈ ಮಾಡಿದರೆ, ನೆಟ್ಟಗೆ ಮುಂದೆ ನೋಡಿಕೊಂಡು ಹೋಗಿಬಿಡುತ್ತಿದ್ದಳು. ದೊಡ್ಡ ಮನೆಯ ಸೊಸೆಗೆ ಕಣ್ಣು ನೆತ್ತಿಗೇರಿವೆ ಎಂದು ಹೆಂಗಸರು ನೀರಿನ ನಳದ ಹತ್ತಿರ ಆಡಿಕೊಳ್ಳುತ್ತಿದ್ದರು. ಇನ್ನೊಂದು ಹೆಸರು, ಮಹಾಭಕ್ತೆ. ಹೊತ್ತು ಮುಳುಗುವ ಮುಂಚೆಯೇ ನೀರು ತುಂಬಿ, ದೀಪದ ಬತ್ತಿ ಹೊಸೆದಿಟ್ಟು, ರೊಟ್ಟಿ ಬಡಿದು ಮುಗಿಸಿ, ಮೈ ತೊಳೆದು, ದೇವರ ಕೋಣೆಯಲ್ಲಿ ಅಂಗೈ ಮೇಲೆ ಲಿಂಗ ಇಟ್ಟುಕೊಂಡು ಕೂತರೆ ಮುಗಿಯಿತು. ಆಮೇಲೆ ಭೂಮಿ ಬಿರಿದರೂ ಏಳುತ್ತಿರಲಿಲ್ಲ. ಊಟದ ತಟ್ಟೆಯೂ ಅವಳಿದ್ದಲ್ಲಿಗೇ ಹೋಗುತ್ತಿತ್ತು. ಸಂಜೆ ಯಾರಾದರೂ ಅವಳನ್ನು ಕೇಳಿಕೊಂಡು ಬಂದರೆ ಆಯಿ ಬಾಗಿಲಲ್ಲೇ ತಡೆದು, ನಮ್ಮ ಸೊಸೆ ಪೂಜೆಗೆ ಕೂತಿದ್ದಾಳೆ ಎನ್ನುತ್ತಿದ್ದಳು. ಕೇಳಿದವರು ಅಲ್ಲಿಂದಲೇ ಕೈ ಮುಗಿದು ಹೋಗುತ್ತಿದ್ದರು. ನಾನೂ ಮೊದಮೊದಲು ಮುಗಿದಿದ್ದೇನೆ.

ಅವಳ ಕೈಕೆಲಸ ನೋಡಿದರೆ ಯಾರಿಗಾದರೂ ಹೊಟ್ಟೆಕಿಚ್ಚು ಬರಬೇಕು. ಇಳಕಲ್ಲ ಸೀರೆಯ ಸೆರಗಿನ ಮೇಲೆ ಎಳೆ ಎಣಿಸಿ ಎಣಿಸಿ ಕಸೂತಿ ಹಾಕುತ್ತಿದ್ದಳು. ಗೋಪುರ, ನವಿಲು, ತುಳಸಿಕಟ್ಟೆ, ಯಾವುದನ್ನೂ ಬರೆದುಕೊಳ್ಳದೆ. ಹಿಂದೆ ತಿರುವಿ ನೋಡಿದರೂ ಮುಂದಿನಷ್ಟೇ ಚೊಕ್ಕ. ಅಂಥವಳು ಕಾಲ ಪಕ್ಕದಲ್ಲೇ ಇದ್ದ ತುಂಬಿದ ಕೊಡವನ್ನು ಒದ್ದು ಉರುಳಿಸುತ್ತಿದ್ದಳು. ಅಕ್ಕಿಯೊಳಗಿನ ಸಾಸಿವೆಯಷ್ಟು ಕಲ್ಲು ಆರಿಸುವವಳು ಬಾಗಿಲಲ್ಲಿ ಮಲಗಿದ ನಾಯಿಯನ್ನು ತುಳಿಯುತ್ತಿದ್ದಳು. ಆಯಿ ಒಳಗಿನಿಂದ ಬೈಯುವುದು ನಮ್ಮ ಮನೆಗೆ ಕೇಳುತ್ತಿತ್ತು.

ಒಂದು ಸಂಜೆ ಹಾಲು ಕಾಸಿಟ್ಟು ನೋಡಿದರೆ ಮನೆಯಲ್ಲಿ ಹೆಪ್ಪಿಗೆ ಮೊಸರಿಲ್ಲ. ದೀಪ ಹಚ್ಚಿದ ಮೇಲೆ ಹೆಪ್ಪು ಕೇಳಬಾರದು ಎಂಬ ಶಾಸ್ತ್ರ ನನಗೆ ಗೊತ್ತಿತ್ತು, ಆದರೆ ನನ್ನ ಗಂಡ ಮೊಸರಿಲ್ಲದೆ ಊಟಕ್ಕೆ ಕೂರುವ ಗಂಡಸಲ್ಲ. ಬಾಜೂ ಮನೆಗೆ ಹೋದೆ. ಆಯಿ ಗುಡಿಗೆ ಹೋಗಿದ್ದಳು, ಗಂಡಸರು ಯಾರೂ ಇರಲಿಲ್ಲ. ಒಳಗಿನಿಂದ ಅಕ್ಕ ಯಾರು ಎಂದು ಕೇಳಿದಳು. ದೇವರ ಕೋಣೆಯ ಬಾಗಿಲಲ್ಲಿ ನಿಂತೆ. ಸಣ್ಣ ದೀಪ ಉರಿಯುತ್ತಿತ್ತು, ಅವಳು ಅದರ ಮುಂದೆ ಕೂತಿದ್ದಳು. ಅಂಗೈಯಲ್ಲಿ ಲಿಂಗ ಇರಲಿಲ್ಲ. ಕೈ ಎರಡನ್ನೂ ಮಡಿಲಲ್ಲಿ ಇಟ್ಟುಕೊಂಡು ಸುಮ್ಮನೆ ಕೂತಿದ್ದಳು. ನಾನು ಬಂದ ಕೆಲಸ ಹೇಳಿದೆ. ಕೊಡುತ್ತೇನೆಂದು ಎದ್ದಳು, ಗೋಡೆ ಸವರಿಕೊಂಡು ಅಡುಗೆಮನೆಗೆ ಬಂದಳು. ನೆಲುವಿನ ಮೇಲೆ ನನಗೆ ಎದ್ದು ಕಾಣುತ್ತಿದ್ದ ಗಡಿಗೆಯ ಆಚೆ ಈಚೆ ಅವಳ ಕೈ ಆಡಿತು. ಕೊನೆಗೆ ಸಿಕ್ಕಿತು. ಹೆಪ್ಪನ್ನು ನನ್ನ ಬಟ್ಟಲಿಗೆ ಹಾಕಲು ಹೋಗಿ ಪೂರ್ತಿ ನೆಲಕ್ಕೆ ಸುರಿದಳು. ಬಟ್ಟಲು ಹಿಡಿದು ನಾನು ಎದುರಿಗೇ ನಿಂತಿದ್ದೆ...

ಆಗ ಅವಳೇ ಹೇಳಿದಳು. "ಪೂಜಿ ಅಲ್ಲ ಬೇ ಇದು. ಹೊತ್ತ ಮುಣುಗಿದ್ರ ನನಗ ಏನೂ ಕಾಣಂಗಿಲ್ಲ."

ಆಮೇಲೆ ಬಿಡುವಾದಾಗಲೆಲ್ಲ ಒಂದೊಂದೇ ಹೇಳಿದಳು. ಅದು ಹುಟ್ಟಿನಿಂದ ಬಂದದ್ದು. ಮೊದಲು ಬರೀ ಸಂಜೆಯ ತೊಂದರೆ. ದೊಡ್ಡವಳಾದಂತೆ ಹಗಲಲ್ಲೂ ಅಂಚುಗಳು ಹೋಗತೊಡಗಿದವು. ಎದುರಿಗಿರುವುದು ಸ್ವಚ್ಛ, ಅದರ ಆಚೆ ಈಚೆ ಏನೂ ಇಲ್ಲ. ಅವಳ ಅಜ್ಜನಿಗೂ, ಅಂದರೆ ಆಯಿಯ ಗಂಡನಿಗೂ, ಹಾಗೇ ಇತ್ತಂತೆ. ಸಂಜೆ ಹೊಲದಿಂದ ಎತ್ತಿನ ಬಾಲ ಹಿಡಿದುಕೊಂಡು ಮನೆಗೆ ಬರುತ್ತಿದ್ದನಂತೆ. ಯಾರಾದರೂ ಕೇಳಿದರೆ ಮನೆಯವರು, ಅವನಿಗೆ ಎತ್ತಿನ ಮೇಲೆ ಅಷ್ಟು ಪ್ರೀತಿ ಎನ್ನುತ್ತಿದ್ದರಂತೆ. ಅಜ್ಜನದು ಪ್ರೀತಿಯಾಯಿತು, ಮೊಮ್ಮಗಳದು ಭಕ್ತಿಯಾಯಿತು. ಇಷ್ಟು ಚೆಂದದ ಸುಳ್ಳುಗಳನ್ನು ಹೆಣೆಯುವ ಬುದ್ಧಿಯಲ್ಲಿ ನಾಲ್ಕಾಣೆಯಷ್ಟನ್ನು ಡಾಕ್ಟರನ್ನು ಹುಡುಕಲು ಬಳಸಿದ್ದರೆ ಎಂದು ನನಗೆ ಆಗಲೂ ಉರಿದಿತ್ತು, ಈಗಲೂ ಉರಿಯುತ್ತದೆ.

ಔಷಧವನ್ನೇ ಮಾಡಿಸಲಿಲ್ಲ ಎಂದಲ್ಲ. ಗದಗದ ಕಡೆಯ ಒಬ್ಬ ಹಕೀಮನನ್ನು ಗುಟ್ಟಾಗಿ ಕರೆಸಿದ್ದರಂತೆ. ಅವನು ಇರುಳುಗಣ್ಣಿಗೆ ಆಡಿನ ಕಾಳಜ, ಅಂದರೆ ಲಿವರು, ಸುಟ್ಟು ತಿನ್ನಿಸಿ ಎಂದನಂತೆ. ಆಯಿ ಅವನನ್ನು ಹೊಸ್ತಿಲಿಂದಲೇ ಓಡಿಸಿ, ಅವನು ಕೂತಿದ್ದ ಜಾಗವನ್ನು ಸಗಣಿ ಹಾಕಿ ಸಾರಿಸಿದ್ದಳು. ಅದರ ಬದಲಿಗೆ ಬಂದದ್ದು ಹಿತ್ತಲ ನುಗ್ಗೆ. ಬೆಳಿಗ್ಗೆ ಅದರ ಪಲ್ಯ, ಸಂಜೆ ಅದರ ರಸ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ, ಆ ಮನೆಯಲ್ಲಿ ಅದೊಂದೇ ಮದ್ದು. ಜೊತೆಗೆ ಕಣ್ಣಿಗೆ ಜೇನು, ಈರುಳ್ಳಿ ರಸ. ಉರಿ ತಾಳಲಾರದೆ ಅಕ್ಕ ಒದ್ದಾಡಿದರೆ, ಉರಿದರೇನೇ ಗುಣ ಎಂದು ಆಯಿ ತಲೆ ಒತ್ತಿ ಹಿಡಿಯುತ್ತಿದ್ದಳಂತೆ.

ತನ್ನ ಪಾಲಿಗೆ ಅಕ್ಕ ಎಲ್ಲವನ್ನೂ ಸಹಿಸಿಕೊಂಡು ಹೋಗುತ್ತಿದ್ದಳೋ ಏನೋ. ಆದರೆ ಅವಳಿಗೊಬ್ಬಳು ಮಗಳಿದ್ದಳು, ಇನ್ನೂ ಶಾಲೆಗೆ ಹಾಕಿರದ ಕೂಸು. ಆ ಮಗು ಸಂಜೆಯಾದರೆ ಅಂಗಳದಲ್ಲಿ ಆಡುವುದು ಬಿಟ್ಟು ಅವ್ವನ ಸೆರಗು ಹಿಡಿಯತೊಡಗಿತು. ಹೊಸ್ತಿಲು ಎಡವಿ ಹಲ್ಲು ಮುರಿದುಕೊಂಡಿತು. ಮರುದಿನ ಅಕ್ಕ ನನ್ನ ಹತ್ತಿರ ಬಂದು ಹುಬ್ಬಳ್ಳಿಗೆ ಹೋಗೂಣು ಬರ್ತೀಯೇನು ಎಂದು ಕೇಳಿದಳು. ಗಂಡನನ್ನು ಕೇಳಿದ್ದಳಂತೆ, ಅವನು ಅವ್ವನನ್ನು ಕೇಳು ಎಂದನಂತೆ. ಆ ಮನೆಯ ಗಂಡಸರು ಹಾಗೇ, ಮೀಸೆ ತಮ್ಮದು, ಮಾತು ಆಯಿಯದು. ಬಳೆ ಇಡಿಸಿಕೊಂಡು ಬರುತ್ತೇವೆಂದು ಹೇಳಿ ನಾವು ಮೂವರೂ ಬೆಳಗಿನ ರೈಲು ಹತ್ತಿದೆವು.

ಹುಬ್ಬಳ್ಳಿಯ ಆ ಕಣ್ಣಿನ ಡಾಕ್ಟರು ವಯಸ್ಸಾದವರು, ಅವಸರವಿಲ್ಲದವರು. ಇಬ್ಬರ ಕಣ್ಣಿಗೂ ಹನಿ ಹಾಕಿ, ಕತ್ತಲೆ ಕೋಣೆಯಲ್ಲಿ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನೂ ಒಳಗೆ ಕರೆದು, ಮೇಜಿನ ಮೇಲಿದ್ದ ಎರಡು ಹಾಳೆಗಳನ್ನು ಸಣ್ಣ ಕೊಳವೆಗಳಂತೆ ಸುತ್ತಿ ಕೈಗೆ ಕೊಟ್ಟರು. "ಎರಡೂ ಕಣ್ಣಿಗೆ ಹಿಡಕೊಂಡು ಬಾಗಲತನಾ ಹೋಗಿ ಬರ್ರಿ" ಎಂದರು. ಹಿಡಿದುಕೊಂಡು ಹೊರಟೆ. ಎದುರು ಗೋಡೆಯ ಮೇಲಿನ ಕ್ಯಾಲೆಂಡರಿನ ಅಂಕಿಗಳು ಸ್ವಚ್ಛವಾಗಿ ಕಾಣುತ್ತಿದ್ದವು, ನನ್ನ ಕಾಲು ಮಾತ್ರ ಕಾಣುತ್ತಿರಲಿಲ್ಲ. ಸ್ಟೂಲಿಗೆ ಮೊಣಕಾಲು ಬಡಿಯಿತು, ಬಾಗಿಲ ಚೌಕಟ್ಟಿಗೆ ಭುಜ ತಾಗಿತು. ಅಕ್ಕ ದಿನಾ ನಡೆಯುವುದು ಹೀಗೆ ಎಂದು ಆಗ ತಿಳಿಯಿತು.

ಕಣ್ಣಿನ ಹಿಂಭಾಗದಲ್ಲಿ ಬೆಳಕು ಹಿಡಿಯುವ ಪರದೆಯಿರುತ್ತದಂತೆ. ಈ ರೋಗದಲ್ಲಿ ಆ ಪರದೆ ಅಂಚಿನಿಂದ ಒಣಗುತ್ತ ನಡುವಿಗೆ ಬರುತ್ತದಂತೆ. ಅದಕ್ಕೇ ಮೊದಲು ಮಬ್ಬಿನಲ್ಲಿ ಕಾಣುವುದಿಲ್ಲ, ಆಮೇಲೆ ಪಕ್ಕದ್ದು ಕಾಣುವುದಿಲ್ಲ, ನಟ್ಟನಡುವಿನದು ಕೊನೆಗೆ ಹೋಗುತ್ತದೆ. ಇದು ಬಹಳ ಜನಕ್ಕೆ ಬರುವ ರೋಗವಲ್ಲ, ಇದಕ್ಕೆ ಸದ್ಯ ಔಷಧವಿಲ್ಲ ಎಂದರು. ಸೊಪ್ಪು ತಿನ್ನುವುದರಿಂದ ನಷ್ಟವಿಲ್ಲ, ಈ ಕಣ್ಣು ಅದರಿಂದ ಬರುವುದಿಲ್ಲ, ಜೇನು ಈರುಳ್ಳಿ ಮಾತ್ರ ಇವತ್ತಿಗೇ ನಿಲ್ಲಿಸಿ ಎಂದರು. ಮಗಳಿಗೂ ಅದೇ ಇದೆ ಎಂದಾಗ ಅಕ್ಕ ಅಳಲಿಲ್ಲ. ಮಗುವಿನ ತಲೆಯ ಮೇಲೆ ಕೈ ಇಟ್ಟುಕೊಂಡು, ಇದು ಎಲ್ಲಿಂದ ಬಂತು ಎಂದು ಕೇಳಿದಳು. ಡಾಕ್ಟರು ಅವಳ ಗಂಡ ಯಾರು, ಅವ್ವ ಅಪ್ಪ ಯಾರು ಎಂದು ಕೇಳಿ ತಿಳಿದುಕೊಂಡರು. ನಿಮ್ಮ ರಕ್ತದಲ್ಲಿ ಬಂದಿರುವ ದೋಷ ಇದು, ಅಪ್ಪ ಅವ್ವ ಇಬ್ಬರ ಕಡೆಯಿಂದಲೂ ಬಂದು ಕೂಡಿದರೆ ಮಕ್ಕಳಲ್ಲಿ ಏಳುತ್ತದೆ, ಒಬ್ಬರಲ್ಲೇ ಇದ್ದರೆ ಮಲಗಿರುತ್ತದೆ ಎಂದರು. ಒಂದೇ ರಕ್ತದಲ್ಲಿ ಕೊಟ್ಟು ತಂದರೆ ಕೂಡುವ ಸಂಭವ ಹೆಚ್ಚು, ಹೊರಗೆ ಕೊಟ್ಟರೆ ಕಡಿಮೆ. ಅಕ್ಕ ತನ್ನ ತಂಗಿಯ ಮಾತು ತೆಗೆದಳು, ಅವಳ ಕಣ್ಣು ಚೆನ್ನಾಗಿವೆ, ಅವಳಿಗೂ ಇದು ಹತ್ತುತ್ತದೆಯೇ ಎಂದು. ತಂಗಿಯ ಕಣ್ಣಿಗೆ ಏನೂ ಆಗದಿರಬಹುದು, ಆದರೆ ಅವಳನ್ನು ಅದೇ ಮನೆಗೆ ಕೊಟ್ಟರೆ ಅವಳ ಮಕ್ಕಳಿಗೆ ಬರಬಹುದು ಎಂದರು ಡಾಕ್ಟರು.

ರೈಲಿನಲ್ಲಿ ಅಕ್ಕ ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು ಕೂತಳು. ಕುಸುಗಲ್ಲು ದಾಟಿದ ಮೇಲೆ, ತಂಗಿಯನ್ನು ಉಳಿಸಬೇಕು ಎಂದಳು.

ಯಾಕೆಂದರೆ ಆ ತಂಗಿಯನ್ನು ಆಯಿ ತನ್ನ ಕಿರಿಯ ಮಗನಿಗೆ ತಂದುಕೊಳ್ಳುವುದೆಂದು ಮನೆಯಲ್ಲಿ ಮಾತು ನಡೆದಿತ್ತು. ಅಕ್ಕ ತಂಗಿ ಇಬ್ಬರೂ ಒಂದೇ ಮನೆಗೆ, ಇಬ್ಬರೂ ಸೋದರಮಾವಂದಿರಿಗೆ. ಆ ಕಿರಿಯ ಮಗನೂ ಸಂಜೆಯಾದ ಮೇಲೆ ಸೈಕಲ್ಲು ತಳ್ಳಿಕೊಂಡು ಬರುವವನೇ ಹೊರತು ಹತ್ತಿಕೊಂಡು ಬರುವವನಲ್ಲ. ಹುಡುಗಿಗೆ ಆಗಷ್ಟೇ ಹದಿನೆಂಟು ತುಂಬಿತ್ತು. ನಗುಮುಖದ ಹುಡುಗಿ, ರಜೆಗೆ ಬಂದಾಗ ನಮ್ಮ ಮನೆಗೆ ಬಂದು ರೇಡಿಯೋ ಹಚ್ಚಿಕೊಂಡು ಕೂರುತ್ತಿದ್ದಳು. ಅವಳನ್ನು ಕೇಳಿಕೊಂಡು ಕುಂದಗೋಳದಿಂದ ಒಂದು ಹೊರಗಿನ ಸಂಬಂಧ ಬಂದಿತ್ತು, ಹುಡುಗ ಸಾಲಿ ಮಾಸ್ತರ. ಅದಕ್ಕೆ ಹೂಂ ಅನ್ನಿಸಬೇಕು, ಇದನ್ನು ನಿಲ್ಲಿಸಬೇಕು. ಅಕ್ಕನಿಗೆ ಆಗ ಇದ್ದ ಆಸೆ ಅದೊಂದೇ.

ಮೊದಲು ಗಂಡನಿಗೆ ಹೇಳಿದಳು, ಅವನು ಎದ್ದು ಹೊಲಕ್ಕೆ ಹೋದ. ಅವ್ವನಿಗೆ ಹೇಳಿದಳು, ಅವಳು ಅತ್ತಳು, ತನ್ನ ಅವ್ವನ ಎದುರು ಬಾಯಿ ಬಿಡುವ ಧೈರ್ಯ ಅವಳಿಗಿರಲಿಲ್ಲ. ತಂಗಿಗೇ ಹೇಳಿದಳು. ತಂಗಿ ನಕ್ಕು, ನನಗೆಲ್ಲ ಕಾಣುತ್ತದೆ ಬಿಡು ಎಂದಳಂತೆ. ಕೊನೆಗೆ ಆಯಿಗೆ ಹೇಳಿದಳು. ಆಯಿ ಕೇಳಿದ್ದು ಒಂದೇ, ಹುಬ್ಬಳ್ಳಿಗೆ ಯಾರ ಅಪ್ಪಣೆ ತೆಗೆದುಕೊಂಡು ಹೋಗಿದ್ದೆ ಎಂದು. ಅಂದಿನಿಂದ ನಾನು ಆ ಮನೆಯ ಹೊಸ್ತಿಲು ತುಳಿದರೆ ಆಯಿಯ ಮುಖ ಗಂಟಿಕ್ಕುತ್ತಿತ್ತು. ನಾನು ತುಳಿಯುವುದನ್ನು ಬಿಡಲಿಲ್ಲ, ಅದು ಬೇರೆ ಮಾತು.

ನಿಶ್ಚಯದ ದಿನ ಬಂತು. ಹೋಳಿಗೆ ಲಟ್ಟಿಸಲು ಓಣಿಯ ಹೆಂಗಸರನ್ನೆಲ್ಲ ಕರೆದಿದ್ದರು, ಬಿಡಲಾರದೆ ನನ್ನನ್ನೂ. ಮಧ್ಯಾಹ್ನದ ಬಿಸಿಲು ಪಡಸಾಲೆಯ ತನಕ ಬಂದಿತ್ತು. ಎರಡೂ ಕಡೆಯ ಹಿರಿಯರು ಕಂಬಳಿ ಮೇಲೆ ಕೂತಿದ್ದರು. ಎರಡೂ ಕಡೆ ಎಂದರೆ ನಗು ಬರುತ್ತದೆ, ಎಲ್ಲ ಒಂದೇ ಕಡೆಯವರು. ಎಲೆ ಅಡಿಕೆಯ ತಟ್ಟೆ ನಡುವೆ ಇತ್ತು. ನಡುಮನೆಯ ಬಾಗಿಲಲ್ಲಿ ಹೆಂಗಸರ ನಡುವೆ ಅಕ್ಕ ನಿಂತಿದ್ದಳು, ಅವಳ ಹಿಂದೆ ಹೊಸ ಸೀರೆಯ ತಂಗಿ. ಓಣಿಯ ಒಬ್ಬ ಹಿರಿಯರು ಎಲೆ ಎತ್ತುವ ಮುಂಚೆ ಪದ್ಧತಿಯಂತೆ, ಯಾರದಾದರೂ ಏನಾದರೂ ಮಾತಿದೆಯೇ ಎಂದು ಕೇಳಿದರು. ಇಂಥ ಕಡೆ ಯಾರೂ ಏನೂ ಹೇಳುವುದಿಲ್ಲ, ಕೇಳುವುದೂ ಶಾಸ್ತ್ರ, ಸುಮ್ಮನಿರುವುದೂ ಶಾಸ್ತ್ರ. ಅಕ್ಕ ಮುಂದೆ ಬಂದಳು.

ಸೆರಗು ತಲೆಯ ಮೇಲೆ ಎಳೆದುಕೊಂಡು, ದನಿ ಏರಿಸದೆ, ಎಲ್ಲವನ್ನೂ ಹೇಳಿದಳು. ತನ್ನ ಕಣ್ಣು, ಮಗಳ ಕಣ್ಣು, ಅಜ್ಜನ ಕಣ್ಣು. ಡಾಕ್ಟರು ಅಂದದ್ದು. ಕಂಬಳಿಯ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. "ಬಿತ್ತಾಕ ಬೀಜ ಬ್ಯಾರೆ ಊರಿಂದ ತರತೀರಿ. ಅದ ಹೊಲದ ಬೀಜ ಅದ ಹೊಲಕ್ಕ ಹಾಕಿದ್ರ ತೆನಿ ಕೆಡತೈತಿ ಅಂತೀರಿ. ಮನಿಗೆ ಹೆಣ್ಣ ತರೂಮುಂದ ಯಾಕ್ರಿ ಹಿಂಗ?" ಎಂದಳು. ಹಿರಿಯರು ತಲೆ ಕೆರೆದುಕೊಂಡರು. ಅವರೂ ಒಕ್ಕಲುತನದವರೇ, ಮಾತು ನಾಟಿತ್ತು. ಆ ಕ್ಷಣ ಇದು ಮುರಿದೇ ಹೋಯಿತು ಎಂದುಕೊಂಡಿದ್ದೆ ನಾನು.

ಆಯಿ ಕೂತಲ್ಲಿಂದ ಏಳಲಿಲ್ಲ. ಸೂಜಿ ದಾರ ತರಲು ಹೇಳಿದಳು.

ನಮ್ಮ ಕಡೆ ಹೆಣ್ಣು ನೋಡಲು ಹೋದವರು ಹುಡುಗಿಯ ಕೈಗೆ ಸೂಜಿ ದಾರ ಕೊಡುತ್ತಾರೆ. ಪೋಣಿಸಿದರೆ ಕಣ್ಣು ಚೆನ್ನಾಗಿವೆ ಎಂದು ಲೆಕ್ಕ. ನನ್ನ ಕೈಗೂ ಕೊಟ್ಟಿದ್ದರು, ನಡುಕದಲ್ಲಿ ನಾನು ಮೂರು ಸಲ ತಪ್ಪಿದ್ದೆ. ಕಣ್ಣಿನ ಪರೀಕ್ಷೆ ಎಂದರೆ ಅವರಿಗೆ ಗೊತ್ತಿದ್ದದ್ದು ಇಷ್ಟೇ. ಆಯಿ ಸೂಜಿಯನ್ನು ಅಕ್ಕನ ಕೈಗೆ ಕೊಟ್ಟು, ಎಲ್ಲರ ಮುಂದೆ ಪೋಣಿಸು ನೋಡೋಣ ಎಂದಳು.

ತಪ್ಪು ಅಕ್ಕ, ತಪ್ಪಿಬಿಡು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಸುಮ್ಮನೆ ದಾರವನ್ನು ಒಂದಿಷ್ಟು ಆಚೆ ಚುಚ್ಚಿದ್ದರೆ ಸಾಕಿತ್ತು, ಒಂದು ಹುಡುಗಿ ಉಳಿಯುತ್ತಿದ್ದಳು. ಅಕ್ಕ ಸೂಜಿಯನ್ನು ಬೆಳಕಿಗೆ ಹಿಡಿದಳು. ದಾರದ ತುದಿಯನ್ನು ನಾಲಿಗೆಗೆ ತಾಗಿಸಿ, ಒಂದೇ ಸಲಕ್ಕೆ ಪೋಣಿಸಿದಳು. ಪೋಣಿಸಿದ ಸೂಜಿಯನ್ನು ಹಾಗೇ ಹಿಡಿದುಕೊಂಡು ಹೇಳಿದಳು, "ಸೂಜಿ ಕಾಣತೈತ್ರಿ. ಅದನ್ನ ಹಿಡಕೊಂಡ ಕೈ ನನಗ ಕಾಣಂಗಿಲ್ಲ."

ಮೊದಲು ನಕ್ಕವರು ಯಾರೋ ಗೊತ್ತಿಲ್ಲ. ಆಮೇಲೆ ಎಲ್ಲರೂ ನಕ್ಕರು. ಸೂಜಿಯ ಕಣ್ಣು ಕಾಣುತ್ತದಂತೆ, ಇಷ್ಟು ದೊಡ್ಡ ಕೈ ಕಾಣುವುದಿಲ್ಲವಂತೆ. ಹೆಂಗಸರಂತೂ ಸೆರಗು ಬಾಯಿಗೆ ಹಿಡಿದರು. ತಂಗಿ ಬಂದರೆ ಮನೆಯ ಯಜಮಾನಿಕೆ ಹಂಚಿಹೋಗುತ್ತದೆಂದು ಇವಳಿಗೆ ಹೊಟ್ಟೆನೋವು ಎಂದು ಯಾರೋ ಅಂದರು. ಹೊಸ ಸೀರೆಯ ತಂಗಿಯೂ ತಲೆ ತಗ್ಗಿಸಿ ನಕ್ಕಳು, ನಾನು ನೋಡಿದೆ. ನಾನು ಮುಂದೆ ಹೋಗಿ, ಹುಬ್ಬಳ್ಳಿಗೆ ನಾನೂ ಹೋಗಿದ್ದೆ, ಡಾಕ್ಟರು ಹೇಳಿದ್ದನ್ನು ಕಿವಿಯಾರೆ ಕೇಳಿದ್ದೇನೆ ಎಂದೆ. ಬಾಡಿಗೆ ಮನೆಯವರ ಮಾತಿಗೆ ದೊಡ್ಡ ಮನೆಯ ಪಡಸಾಲೆಯಲ್ಲಿ ಎಷ್ಟು ಬೆಲೆಯೋ ಅಷ್ಟೇ ಸಿಕ್ಕಿತು. ಆಯಿ ನನ್ನ ಕಡೆ ನೋಡಲೂ ಇಲ್ಲ. ಎಲೆ ಅಡಿಕೆ ಎತ್ತಿದರು, ನಿಶ್ಚಯವಾಯಿತು.

ಆಮೇಲೆ ಹಿತ್ತಲಲ್ಲಿ ಆಯಿ ತನ್ನ ಮಗಳಿಗೆ, ಅಂದರೆ ಅಕ್ಕನ ಅವ್ವನಿಗೆ, ಸಮಾಧಾನ ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು. "ನನಗ ಗೊತ್ತಿಲ್ಲೇನ ಬೇ? ನಿಮ್ಮಪ್ಪನ ಕೈ ಹಿಡದು ಅಡ್ಡಾಡಿಸಿದಾಕಿ ನಾನು. ಹೊರಗ ಕೊಟ್ರ ಕಣ್ಣಿನ ಮಾತು ಹೊರಗ ಬೀಳತೈತಿ. ಆಮ್ಯಾಲೆ ನಮ್ಮ ಮನಿ ಹೆಣ್ಣ ಯಾರ ಮಾಡ್ಕೊಂತಾರ?" ಅಂದರೆ ಆಯಿಗೆ ಎಲ್ಲ ಗೊತ್ತಿತ್ತು. ಗುಟ್ಟು ಮನೆಯೊಳಗೇ ಇರಲಿ ಎಂದು ಮನೆಯೊಳಗೇ ಕೊಟ್ಟು ತರುತ್ತಿದ್ದಳು, ಮನೆಯೊಳಗೇ ಕೊಟ್ಟು ತಂದದ್ದಕ್ಕೇ ಆ ಗುಟ್ಟು ಪ್ರತಿ ತೊಟ್ಟಿಲಲ್ಲೂ ಹುಟ್ಟಿ ಬರುತ್ತಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದನ್ನು ನೋಡಿದ್ದೇನೆ. ಆ ಹಾಲಿನಲ್ಲಿ ತನ್ನ ಮರಿಗಳನ್ನೇ ಅದ್ದುವುದನ್ನು ಅಂದೇ ನೋಡಿದ್ದು.

ಮಾರನೆಯ ದಿನ ಅಕ್ಕನನ್ನು ಬೈದೆ. ತಪ್ಪು ಪೋಣಿಸಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದು ಕೇಳಿದೆ. ನಾನಾಗಿದ್ದರೆ ಆ ಸೂಜಿಯನ್ನು ಆಯಿಗೇ ಚುಚ್ಚುತ್ತಿದ್ದೆ ಎಂದೂ ಅಂದೆ. ಅವಳಿಗೆ ಅದಕ್ಕೂ ನಗು ಬಂತು. "ಖರೇ ಹೇಳಾಕ ನಿಂತಾಕಿ ಸುಳ್ಳಿಲೆ ಹೆಂಗ ಸುರು ಮಾಡ್ಲಿ?" ಎಂದಳು. ಈಗಲೂ ಅವಳ ಮಾತು ಸರಿಯೋ ನನ್ನ ಮಾತು ಸರಿಯೋ ಎಂದು ಯೋಚಿಸುತ್ತೇನೆ... ಒಮ್ಮೊಮ್ಮೆ ಅವಳ ಮೇಲೆಯೇ ಸಿಟ್ಟು ಬರುತ್ತದೆ.

ಮದುವೆಯಾಯಿತು. ತಂಗಿಗೆ ಒಂದರ ಹಿಂದೆ ಒಂದು ಎರಡು ಗಂಡು. ಹಿರಿಯವನು ನಡೆಯಲು ಕಲಿತ ಮೇಲೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಗೋಡೆ ಹಿಡಿಯತೊಡಗಿದ. ಕಿರಿಯವನದು ಗೊತ್ತಾಗುವ ಮುಂಚೆ ನಾವು ಅಣ್ಣಿಗೇರಿ ಬಿಟ್ಟೆವು, ನನ್ನ ಗಂಡನಿಗೆ ಹುಬ್ಬಳ್ಳಿಯಲ್ಲಿ ಕೆಲಸ ಸಿಕ್ಕಿತ್ತು. ಅವನಿಗೂ ಅದೇ ಎಂದು ಆಮೇಲೆ ಕೇಳಿದೆ. ಅಕ್ಕ ತನ್ನ ಮಗಳನ್ನು ಮಾತ್ರ ಒಳಗೆ ಕೊಡಲು ಬಿಡಲಿಲ್ಲ. ಹೊರಗಿನವರು ಕೇಳಿ ಬಂದರೆ ಕಣ್ಣಿನ ವಿಷಯವನ್ನು ತಾನೇ ಮೊದಲು ಹೇಳಿಬಿಡುತ್ತಿದ್ದಳಂತೆ. ಯಾರೂ ಎರಡನೆಯ ಸಲ ಬರಲಿಲ್ಲ. ಆ ಹುಡುಗಿ ಧಾರವಾಡದಲ್ಲಿ ಓದಿ, ಅಲ್ಲೇ ಒಂದು ಕಚೇರಿಯಲ್ಲಿ ಟೆಲಿಫೋನ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದಳು, ಮದುವೆಯಾಗಲಿಲ್ಲ. ಕೋಲು ಹಿಡಿದುಕೊಂಡು ಬಸ್ಸು ಹತ್ತಿ ನಮ್ಮ ಮನೆಗೂ ಬಂದು ಹೋಗುತ್ತಾಳೆ. ಯಾವ ಬಣ್ಣದ ಸೀರೆ ಉಟ್ಟಿದ್ದೀರಿ ಎಂದು ಕೇಳುತ್ತಾಳೆ, ಹೇಳಿದರೆ ಚೆನ್ನಾಗಿದೆ ಎನ್ನುತ್ತಾಳೆ.

ಎರಡು ವರ್ಷದ ಹಿಂದೆ ಅವಳೇ ಫೋನು ಮಾಡಿ, ಅವ್ವ ಹೋದಳು ಎಂದು ಹೇಳಿದಳು. ಮಣ್ಣಿಗೆ ಹೋಗಲು ಆಗಲಿಲ್ಲ, ನನ್ನ ಮೊಣಕಾಲು ಎದ್ದೇಳುವ ಸ್ಥಿತಿಯಲ್ಲಿರಲಿಲ್ಲ. ಮಾತಾಡಿಸಿ ಬರೋಣವೆಂದು ಮರುವಾರ ಹೋದೆ. ಕೊನೆಯ ವರ್ಷಗಳಲ್ಲಿ ಅಕ್ಕನಿಗೆ ನಟ್ಟನಡುವಿನದೂ ಹೋಗಿತ್ತು, ಕಸೂತಿ ಎಂದೋ ನಿಂತಿತ್ತು. ಆಯಿ ಸತ್ತು ಬಹಳ ವರ್ಷವಾಗಿತ್ತು. ಮನೆ ಈಗ ತಂಗಿಯದು. ರೇಡಿಯೋ ಕೇಳಲು ಬರುತ್ತಿದ್ದ ಹುಡುಗಿ ಈಗ ಕನ್ನಡಕದ ಹೆಂಗಸು, ಗಂಟಲು ಥೇಟ್ ಆಯಿಯದು. ಪಡಸಾಲೆಯಲ್ಲಿ ಅವಳ ಹಿರಿಯ ಮಗ ಕುರ್ಚಿಯಲ್ಲಿ ಕೂತಿದ್ದ. ನಾನು ಎದುರಿಗೆ ಹೋಗಿ ನಿಂತರೂ ದನಿ ಕೇಳಿದ ಮೇಲೆಯೇ ಅವನು ಮುಖ ಎತ್ತಿದ.

ನಾನು ಅತ್ತುಬಿಟ್ಟೆ. ಅಕ್ಕನಂಥವಳು ಸಿಗುವುದಿಲ್ಲ ಎಂದೆ. ತಂಗಿ ಅಳಲಿಲ್ಲ. ನನಗೆ ಚಹಾ ಕೊಟ್ಟು, ಎದುರಿಗೆ ಕೂತು, ಅಕ್ಕನ ಜೊತೆ ತಾನು ಮಾತು ಬಿಟ್ಟು ಇಪ್ಪತ್ತು ವರ್ಷದ ಮೇಲಾಗಿತ್ತು ಎಂದಳು. ಒಂದೇ ಮನೆಯಲ್ಲಿ, ಒಂದೇ ಒಲೆಯಲ್ಲಿ. ಯಾಕೆ ಎಂದು ಕೇಳಿದೆ.

"ಆಕಿ ಬಾಯಿಲೆ ಬಂದದ್ದ ನನ್ನ ಮಕ್ಕಳಿಗೆ ತಟ್ಟಿತ್ರಿ" ಎಂದಳು.

ನನಗೆ ಮೊದಲು ಅರ್ಥವಾಗಲಿಲ್ಲ. ಹುಟ್ಟುವ ಮಕ್ಕಳಿಗೆ ಕಣ್ಣು ಕಾಣುವುದಿಲ್ಲ ಎಂದು ಅಕ್ಕ ಅಂದು ಆಡಿದ ಮಾತೇ ಶಾಪವಾಗಿ ತಗುಲಿತು ಎನ್ನುತ್ತಿದ್ದಳು ಅವಳು. ಒಡಹುಟ್ಟಿದವಳ ಬಾಯಿಯ ಮಾತು, ಅದೂ ಶುಭಕಾರ್ಯದ ಹೊತ್ತಿನಲ್ಲಿ ಆಡಿದ್ದು, ಹುಸಿಯಾಗುತ್ತದೆಯೇ ಎಂದು ನನ್ನನ್ನೇ ಕೇಳಿದಳು. ನಾನು ಚಹಾ ಕೆಳಗಿಟ್ಟೆ. ಅದು ಅವಳ ಮಾತಲ್ಲ, ಡಾಕ್ಟರು ಹೇಳಿದ್ದು, ನಿನ್ನನ್ನು ಉಳಿಸಲು ಹೇಳಿದ್ದು ಎಂದೆ. ದನಿ ಏರಿತ್ತೆಂದು ಕಾಣುತ್ತದೆ, ಕುರ್ಚಿಯಲ್ಲಿದ್ದ ಮಗ ನಮ್ಮ ಕಡೆ ತಿರುಗಿದ.

"ಡಾಕ್ಟರ ಹೇಳಿದ್ದು ಹುಬ್ಬಳ್ಯಾಗ್ರಿ" ಎಂದಳು ತಂಗಿ. "ಆಕಿ ಹೇಳಿದ್ದು ನಮ್ಮ ಮನ್ಯಾಗ, ನನ್ನ ನಿಶ್ಚಯದ ಎಲಿ ಅಡಿಕಿ ಮುಂದ."

ಅಂದು ಅಕ್ಕನ ಮಾತನ್ನು ಒಬ್ಬರೂ ನಂಬಲಿಲ್ಲವೆಂದು ನಾನು ಇಷ್ಟು ವರ್ಷ ಕೊರಗಿದ್ದೆ. ನಂಬಿದ್ದರು. ನಂಬಿದ್ದು ಹೀಗೆ. ಅಕ್ಕ ಆ ಮನೆಯಲ್ಲಿ ಕತ್ತಲೆಯೊಳಗೆ ಕೂತು ಇಪ್ಪತ್ತು ವರ್ಷ ಇದನ್ನು ಕೇಳಿಸಿಕೊಂಡಿದ್ದಾಳೆ, ನಾನು ಹೋದಾಗಲೆಲ್ಲ ಚೆನ್ನಾಗಿದ್ದೇನೆ ಎಂದಿದ್ದಾಳೆ.

ಅಂದಿನಿಂದ ಅಣ್ಣಿಗೇರಿಗೆ ಹೋಗಿಲ್ಲ, ಇನ್ನು ಹೋಗುವುದೂ ಇಲ್ಲ. ಆ ತಂಗಿಯ ಹಿರಿಯ ಮಗನಿಗೆ ಮದುವೆ ಗೊತ್ತಾಗಿದೆಯೆಂದು ಕಳೆದ ತಿಂಗಳು ಅಕ್ಕನ ಮಗಳು ಬಂದಾಗ ಹೇಳಿದಳು. ಹೆಣ್ಣು ಎಲ್ಲಿಯದು ಎಂದು ಕೇಳಿದೆ. ನವಲಗುಂದದ ಕಡೆಯದು, ಅವ್ವನ ತಮ್ಮನ ಮಗಳು, ಅವನಿಗೆ ಸ್ವಂತ ಸೋದರಮಾವನ ಮಗಳು ಎಂದಳು. ನೀನು ಹೋಗಿ ಒಂದು ಮಾತು ಹೇಳಿ ಬಾ, ನೀನಾದರೂ ಹೇಳು ಎಂದು ನಾನು ಅವಳ ಕೈ ಹಿಡಿದುಕೊಂಡೆ. ಅವಳು ಮೆಲ್ಲಗೆ ಕೈ ಬಿಡಿಸಿಕೊಂಡಳು.

"ಹೇಳಿದ್ರ, ನಾಳೆ ಹುಟ್ಟೂ ಕೂಸಿಗೆ ಕಣ್ಣ ಕಾಣದಿದ್ದಕ್ಕ ನನ್ನ ಹೆಸರ ಹೇಳ್ತಾರ" ಎಂದಳು.